ಆಡುವವರು ಕೋಟಿ, ಕೊಳ್ಳುವವರೆಷ್ಟು?

ಕೆಲವು ವಾರಗಳ ಹಿಂದೆ ಒಂದು ಭಾನುವಾರ ನನ್ನ ತಂಗಿಯ ಮಗ ಮನೆಗೆ ಬಂದಿದ್ದ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಏಳೆಂಟು ವರ್ಷಗಳಿಂದ ಕೆಲಸದಲ್ಲಿರುವ ಹುಡುಗ. ಸಂಬಳ, ಫ್ಲ್ಯಾಟು, ಫ್ಲ್ಯಾಟಿನ ಸಾಲ ಎಲ್ಲವೂ ಕ್ರಮವಾಗಿವೆ. ಕಾಫಿ ಮುಗಿಯುವ ಮೊದಲೇ ವಿಷಯಕ್ಕೆ ಬಂದ. ಕೆಲಸ ಬಿಟ್ಟು, ನಾಲ್ವರು ಗೆಳೆಯರನ್ನು ಜೊತೆಗೆ ಕಟ್ಟಿಕೊಂಡು, ಕ್ರಿಕೆಟ್‌ನ ಕಂಪ್ಯೂಟರ್ ಆಟವೊಂದನ್ನು ತಯಾರಿಸುವ ಯೋಚನೆ ಅವನದು. ‘ಮಾವ, ನೀವು ಎಕನಾಮಿಕ್ಸ್ ಓದಿದವರು. ಇದಕ್ಕೆ ಮಾರ್ಕೆಟ್ ಇದೆಯೋ ಇಲ್ಲವೋ ಹೇಳಿ’ ಎಂದ. ಹಿಂದಿನ ರಾತ್ರಿಯೇ ತಂಗಿ ಫೋನ್ ಮಾಡಿ, ‘ಅಣ್ಣಾ, ನೀನಾದರೂ ಅವನಿಗೆ ಬುದ್ಧಿ ಹೇಳು’ ಎಂದಿದ್ದಳು. ಹಾಗಾಗಿ ನಾನು ಕೊಡಬೇಕಾದ ಉತ್ತರ ಏನೆಂಬುದು ಮೊದಲೇ ತೀರ್ಮಾನವಾಗಿತ್ತು. ಆದರೆ ಪ್ರಶ್ನೆಯನ್ನು ಬಿಡಿಸುತ್ತಾ ಹೋದಂತೆ ಅದು ನಾನು ಭಾವಿಸಿದ್ದಷ್ಟು ಸರಳವಲ್ಲ ಎನಿಸತೊಡಗಿತು.

ಭಾರತದಲ್ಲಿ ಕ್ರಿಕೆಟ್‌ಗೆ ಸಂಬಂಧಿಸಿದ ಯಾವುದೇ ಸರಕಿಗೆ ಮಾರುಕಟ್ಟೆ ಇಲ್ಲವೆಂದರೆ ನಗುವವರೇ ಹೆಚ್ಚು. 2023ರಿಂದ 2027ರವರೆಗಿನ ಐದು ಐಪಿಎಲ್ ಋತುಗಳ ಪ್ರಸಾರದ ಹಕ್ಕು ಬಿಕರಿಯಾದದ್ದು 48,390 ಕೋಟಿ ರೂಪಾಯಿಗೆ. ಆದರೆ ಅರ್ಥಶಾಸ್ತ್ರದ ಮೊದಲ ವರ್ಷದ ತರಗತಿಯಲ್ಲೇ ಒಂದು ಪಾಠವಿದೆ: ಬಯಕೆ ಬೇರೆ, ಬೇಡಿಕೆ ಬೇರೆ. ಬಯಸುವವನ ಕೈಯಲ್ಲಿ ಹಣವಿದ್ದು, ಆ ಹಣವನ್ನು ಆ ಸರಕಿಗಾಗಿ ಬಿಚ್ಚುವ ಮನಸ್ಸೂ ಇದ್ದಾಗ ಮಾತ್ರ ಅದನ್ನು ಬೇಡಿಕೆ ಎನ್ನಬೇಕು. ಕ್ರಿಕೆಟ್‌ನ ಕಂಪ್ಯೂಟರ್ ಆಟಗಳ ಮೂರು ದಶಕಗಳ ಚರಿತ್ರೆ ಈ ಎರಡರ ನಡುವಿನ ಕಂದಕದ ಚರಿತ್ರೆಯೇ ಆಗಿದೆ.

ಈ ಆಟಗಳಲ್ಲಿ ಎರಡು ಬಗೆ. ಒಂದರಲ್ಲಿ ಆಡುವವನೇ ಬೆರಳ ತುದಿಯಲ್ಲಿ ಬ್ಯಾಟು ಬೀಸುತ್ತಾನೆ; ಪರದೆಯ ಮೇಲೆ ಮೈದಾನ, ಬಣ್ಣದ ಅಂಗಿ, ವೀಕ್ಷಕರ ಗದ್ದಲ ಎಲ್ಲವೂ ಇರುತ್ತವೆ. ಇನ್ನೊಂದರಲ್ಲಿ ಅವನು ಬ್ಯಾಟು ಮುಟ್ಟುವುದಿಲ್ಲ. ತಂಡವನ್ನು ಆರಿಸುತ್ತಾನೆ, ಟಾಸ್ ಗೆದ್ದರೆ ಏನು ಮಾಡಬೇಕೆಂದು ತೀರ್ಮಾನಿಸುತ್ತಾನೆ, ಯಾರ ಕೈಗೆ ಚೆಂಡು ಕೊಡಬೇಕು, ಸ್ಲಿಪ್‌ನಲ್ಲಿ ಎಷ್ಟು ಜನ ನಿಲ್ಲಬೇಕು ಎಂದು ಹೇಳುತ್ತಾನೆ. ಮಿಕ್ಕದ್ದನ್ನು ಆಟಗಾರರ ಸಾಮರ್ಥ್ಯ, ಪಿಚ್‌ನ ಗುಣ, ಚೆಂಡಿನ ವಯಸ್ಸು ಇವೆಲ್ಲವನ್ನೂ ತೂಗಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಸಿಮ್ಯುಲೇಷನ್ ಎಂಬ ಮಾತು ಹೆಚ್ಚು ಒಪ್ಪುವುದು ಈ ಎರಡನೆಯ ಬಗೆಗೆ. ನನ್ನ ಸೋದರಳಿಯನ ಕನಸೂ ಇದೇ. ಅದೂ ಐಪಿಎಲ್ ಅಲ್ಲ, ರಣಜಿ ಟ್ರೋಫಿ!

ಈ ಬಗೆಯ ಆಟ ನಮಗೆ ಹೊಸದೇನಲ್ಲ. ಹಾಸನದ ಹೈಸ್ಕೂಲಿನ ಕೊನೆಯ ಬೆಂಚಿನಲ್ಲಿ ನಾವು ಸಮಾಜ ಪರಿಚಯದ ಪುಸ್ತಕವನ್ನು ತೆರೆದು ಮುಚ್ಚಿ ಆಡುತ್ತಿದ್ದ ‘ಬುಕ್ ಕ್ರಿಕೆಟ್’ ಇದರ ಪೂರ್ವಜ. ಎಡಗಡೆಯ ಪುಟದ ಸಂಖ್ಯೆಯ ಕೊನೆಯ ಅಂಕಿ ಎರಡೋ ನಾಲ್ಕೋ ಆರೋ ಆದರೆ ಅಷ್ಟು ರನ್. ಎಂಟು ಬಂದರೆ ನಮ್ಮ ಶಾಲೆಯ ಕಾನೂನಿನಂತೆ ಒಂದೇ ರನ್. ಸೊನ್ನೆ ಬಂದರೆ ಔಟ್. ಎಡಪುಟಗಳಲ್ಲಿ ಸಮಸಂಖ್ಯೆಗಳೇ ಇರುವುದರಿಂದ ಪ್ರತಿ ಎಸೆತದಲ್ಲೂ ಔಟಾಗುವ ಸಂಭವ ಐದರಲ್ಲಿ ಒಂದು. ಲೆಕ್ಕ ಹಾಕಿದರೆ ಈ ಆಟದಲ್ಲಿ ಬ್ಯಾಟ್ಸ್‌ಮನ್ನನ ಸರಾಸರಿ 13 ರನ್. ಗವಾಸ್ಕರ್ ಆದರೂ ಅಷ್ಟೇ, ಚಂದ್ರಶೇಖರ್ ಆದರೂ ಅಷ್ಟೇ. ನಿಜವಾದ ಟೆಸ್ಟ್ ಪಂದ್ಯದಲ್ಲಿ ಸುಮಾರಾಗಿ ಅರವತ್ತು ಎಸೆತಗಳಿಗೊಂದು ವಿಕೆಟ್ ಬೀಳುತ್ತದೆ. ಬ್ರಾಡ್ಮನ್‌ರ ಸರಾಸರಿ 99.94. ಬುಕ್ ಕ್ರಿಕೆಟ್‌ನಿಂದ ಬ್ರಾಡ್ಮನ್‌ವರೆಗಿನ ಈ ದೂರವನ್ನು ಕ್ರಮಿಸುವುದೇ ಸಿಮ್ಯುಲೇಷನ್ ಬರೆಯುವವನ ಕಸುಬು. ಫುಟ್ಬಾಲಿನಲ್ಲಿ ತೊಂಬತ್ತು ನಿಮಿಷಗಳನ್ನು ಅನುಕರಿಸಿದರೆ ಸಾಕು. ಇಲ್ಲಿ ಐದು ದಿನ, ನಾಲ್ಕನೆಯ ದಿನ ಮಧ್ಯಾಹ್ನ ಬಿರುಕು ಬಿಡುವ ಪಿಚ್, ಹೊಸ ಚೆಂಡು, ಮೋಡ, ಮಳೆ, ಜೊತೆಗೆ ಒಂದಕ್ಕೊಂದು ಸಂಬಂಧವೇ ಇಲ್ಲವೇನೋ ಎಂಬಂತಿರುವ ಮೂರು ಮಾದರಿಗಳು.

ದುಡಿಮೆ ಇಷ್ಟಾದರೆ, ಕೊಳ್ಳುವವರು ಎಲ್ಲಿದ್ದರು? ಮೊದಲಿಗೆ ಇದ್ದದ್ದು ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾಗಳಲ್ಲಿ. 1990ರ ದಶಕದಲ್ಲಿ ಅಮೆರಿಕದ ಇಎ ಸ್ಪೋರ್ಟ್ಸ್ ಕ್ರಿಕೆಟ್ ಆಟಗಳನ್ನು ಹೊರತರಲು ಆರಂಭಿಸಿತು. ಇಂಗ್ಲೆಂಡಿನ ಕೋಡ್‌ಮಾಸ್ಟರ್ಸ್ ಸಂಸ್ಥೆ ಬ್ರಯಾನ್ ಲಾರಾ ಹೆಸರಿನಲ್ಲಿ ಮಾರಿತು. ಕೋಡ್‌ಮಾಸ್ಟರ್ಸ್‌ನ 2007ರ ಆಟ ಇಂಗ್ಲೆಂಡಿನಲ್ಲಿ ಲಾರಾ ಹೆಸರಿನಲ್ಲಿ, ಆಸ್ಟ್ರೇಲಿಯಾದಲ್ಲಿ ರಿಕಿ ಪಾಂಟಿಂಗ್ ಹೆಸರಿನಲ್ಲಿ, ಭಾರತದಲ್ಲಿ ಯುವರಾಜ್ ಸಿಂಗ್ ಹೆಸರಿನಲ್ಲಿ ಬಂತು. ಒಳಗಿನ ಸರಕು ಒಂದೇ, ಡಬ್ಬಿ ಮೂರು. ಭಾರತದಲ್ಲೂ ಗ್ರಾಹಕನಿದ್ದಾನೆಂಬ ನಂಬಿಕೆ ಆಗ ತಯಾರಕರಿಗೆ ಇತ್ತೆಂಬುದಕ್ಕೆ ಈ ಮೂರನೆಯ ಡಬ್ಬಿಯೇ ಸಾಕ್ಷಿ.

ಗ್ರಾಹಕ ಇದ್ದ, ಆದರೆ ಬೇರೆ ಕಡೆ ಇದ್ದ. ಇದನ್ನು ಅನುಭವದಿಂದಲೇ ಹೇಳಬಲ್ಲೆ. 2006ರ ನವೆಂಬರ್‌ನಲ್ಲಿ ಇಎ ಸ್ಪೋರ್ಟ್ಸ್‌ನ ‘ಕ್ರಿಕೆಟ್ 07’ ಬಿಡುಗಡೆಯಾಯಿತು. ಅದಾಗಿ ಕೆಲವೇ ತಿಂಗಳುಗಳಲ್ಲಿ ಹೈಸ್ಕೂಲಿನಲ್ಲಿದ್ದ ನನ್ನ ಮಗನ ಹಟಕ್ಕೆ ಮಣಿದು ಮೆಜೆಸ್ಟಿಕ್ ಸಮೀಪದ ಮಳಿಗೆಯೊಂದರಲ್ಲಿ ಅದರ ಸಿ.ಡಿ. ಕೊಂಡೆ. ಪ್ಲಾಸ್ಟಿಕ್ ಲಕೋಟೆ, ಮೇಲೆ ಜೆರಾಕ್ಸ್ ಮಾಡಿದ ಚಿತ್ರ, ಬೆಲೆ 60 ರೂಪಾಯಿ. ಆಗ ನಾನು ತೆರಿಗೆ ಅಧಿಕಾರಿ. ವರ್ತಕರ ಬಿಲ್ ಪುಸ್ತಕಗಳನ್ನು ತಿರುವಿಹಾಕುವುದೇ ನನ್ನ ವೃತ್ತಿ. ಅಂದು ನಾನು ಬಿಲ್ ಕೇಳಲಿಲ್ಲ. ಆ ಅಂಗಡಿಯಲ್ಲಿ ನನ್ನಂಥ ತಂದೆಯರು ಇನ್ನೂ ನಾಲ್ಕಾರು ಮಂದಿ ಇದ್ದರು. ಯಾರೂ ಕೇಳಿದ್ದನ್ನು ಕಾಣೆ. ನಕಲು ಆಗ ನಮಗೆ ಕಳ್ಳತನವೆನಿಸಿರಲಿಲ್ಲ. ತಯಾರಕನ ಮೊದಲ ಪ್ರತಿಗೆ ಕೋಟಿಗಟ್ಟಲೆ ವೆಚ್ಚ, ಎರಡನೆಯ ಪ್ರತಿಗೆ ಖಾಲಿ ಸಿ.ಡಿ.ಯ ಬೆಲೆ. ಹಣ ಕೊಡದವನನ್ನು ಹೊರಗಿಡಲು ಸಾಧ್ಯವಿಲ್ಲದ ಇಂಥ ಸರಕನ್ನು ಮಾರುಕಟ್ಟೆಗಾಗಿ ತಯಾರಿಸುವವರು ವಿರಳ ಎಂದು ಎಂ.ಎ. ಪರೀಕ್ಷೆಯಲ್ಲಿ ನಾನೇ ಪುಟಗಟ್ಟಲೆ ಬರೆದಿದ್ದೆ.

ಫಲಿತಾಂಶ ಅದೇ ಆಯಿತು. ‘ಕ್ರಿಕೆಟ್ 07’ರ ನಂತರ ಇಎ ಸ್ಪೋರ್ಟ್ಸ್ ಆ ಸರಣಿಯನ್ನು ನಿಲ್ಲಿಸಿತು. ಫುಟ್ಬಾಲ್ ಆಟವನ್ನು ವರ್ಷವರ್ಷವೂ ಜಗತ್ತಿಗೆಲ್ಲ ಮಾರುವ ಸಂಸ್ಥೆಗೆ, ಹತ್ತು ಹನ್ನೆರಡು ದೇಶಗಳ ಈ ಕ್ರೀಡೆ ಬೇಕಾಗದೆ ಹೋಯಿತು. ಸೋಜಿಗವೆಂದರೆ ಆಟ ಸಾಯಲಿಲ್ಲ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಹುಡುಗರು ಅದರ ಕಡತಗಳನ್ನು ಬಿಚ್ಚಿ, ಹೊಸ ಆಟಗಾರರ ಹೆಸರು, ಹೊಸ ಜೆರ್ಸಿ, ಐಪಿಎಲ್ ತಂಡಗಳನ್ನು ತಾವೇ ತುಂಬಿದರು. ಬಿಡಿಕಾಸಿನ ಸಂಭಾವನೆಯೂ ಇಲ್ಲದೆ ವರ್ಷಗಟ್ಟಲೆ ಈ ದುಡಿಮೆ ನಡೆಯಿತು. ತಯಾರಕನೇ ಕೈಬಿಟ್ಟ ಸರಕನ್ನು ಬಳಕೆದಾರರು ಹೀಗೆ ಎರಡು ದಶಕ ಸಾಕಿಕೊಂಡು ಬಂದ ಉದಾಹರಣೆ ಬೇರೆ ಉದ್ದಿಮೆಗಳಲ್ಲಿ ಅಪರೂಪ. ಈ ಪ್ರೀತಿಯನ್ನು ಯಾವ ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಯಾವ ಶೀರ್ಷಿಕೆಯಡಿ ನಮೂದಿಸುವುದು?

ಸ್ಪರ್ಧೆ ಕಡಿಮೆಯಾದ ಕಡೆ ಗುಣಮಟ್ಟವೂ ಕುಸಿಯುತ್ತದೆ. 2013ರ ನವೆಂಬರ್‌ನಲ್ಲಿ ‘ಆ್ಯಷಸ್ ಕ್ರಿಕೆಟ್ 2013’ ಎಂಬ ಆಟ ಅಂತರ್ಜಾಲ ಮಳಿಗೆಗೆ ಬಂತು. ಅದು ಎಷ್ಟು ಅಪಕ್ವವಾಗಿತ್ತೆಂದರೆ ಕೆಲವೇ ದಿನಗಳಲ್ಲಿ ಪ್ರಕಾಶಕರು ಅದನ್ನು ಹಿಂತೆಗೆದುಕೊಂಡು, ಕೊಂಡವರಿಗೆ ಹಣ ಮರಳಿಸಬೇಕಾಯಿತು. ಹಳೆಯ ಕಾರುಗಳ ಮಾರಾಟವನ್ನು ಉದಾಹರಿಸಿ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಬರೆದ ಪ್ರಬಂಧ ಇಲ್ಲಿ ನೆನಪಾಗುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ಬಂದದ್ದೂ ಈ ಬಗೆಯ ಚಿಂತನೆಗಾಗಿಯೇ. ಸರಕಿನ ಗುಣ ಕೊಳ್ಳುವವನಿಗೆ ಮೊದಲೇ ತಿಳಿಯದಿದ್ದರೆ, ಒಂದೆರಡು ಬಾರಿ ಮೋಸಹೋದವನು ಒಳ್ಳೆಯ ಸರಕಿಗೂ ಕೈಚಾಚುವುದಿಲ್ಲ.

ಹಾಗಾದರೆ ಈ ವ್ಯಾಪಾರದಲ್ಲಿ ಬದುಕಿ ಉಳಿದವರು ಯಾರು? ಇಬ್ಬರನ್ನು ಹೆಸರಿಸಬಹುದು. ಒಂದು, ಮೆಲ್ಬರ್ನ್‌ನ ಬಿಗ್ ಆ್ಯಂಟ್ ಸ್ಟುಡಿಯೋಸ್. 2014ರಲ್ಲಿ ಬ್ರಾಡ್ಮನ್ ಹೆಸರಿನ ಆಟದಿಂದ ಜನಮನ್ನಣೆ ಗಳಿಸಿದ ಈ ಸಂಸ್ಥೆಯನ್ನು 2021ರಲ್ಲಿ ಫ್ರಾನ್ಸ್‌ನ ನಾಕನ್ ಕೊಂಡಿತು; 2023ರ ಅಕ್ಟೋಬರ್‌ನಲ್ಲಿ ಅದರ ‘ಕ್ರಿಕೆಟ್ 24’ ಬಂತು. ಬ್ಯಾಟು ಬೀಸುವ ಬಗೆಯ ಆಟಗಳಲ್ಲಿ ಅದಕ್ಕೆ ಸಮಾನರಿಲ್ಲ. ಎರಡನೆಯದು ನನ್ನ ಸೋದರಳಿಯನಿಗೆ ಹೆಚ್ಚು ಹತ್ತಿರದ್ದು: ಇಂಗ್ಲೆಂಡಿನ ‘ಇಂಟರ್‌ನ್ಯಾಷನಲ್ ಕ್ರಿಕೆಟ್ ಕ್ಯಾಪ್ಟನ್’. ತಂಡ ನಿರ್ವಹಣೆಯ ಈ ಆಟ ಮೊದಲು ಬಂದದ್ದು 1998ರಲ್ಲಿ. ಅದನ್ನು ಪ್ರಕಟಿಸುತ್ತಿದ್ದ ಎಂಪೈರ್ ಇಂಟರಾಕ್ಟಿವ್ ಎಂಬ ದೊಡ್ಡ ಸಂಸ್ಥೆ 2009ರಲ್ಲಿ ದಿವಾಳಿಯಾಯಿತು. ಆಟ ಮಾತ್ರ ಚೈಲ್ಡಿಷ್ ಥಿಂಗ್ಸ್ ಎಂಬ ಪುಟ್ಟ ಸಂಸ್ಥೆಯ ಕೈಯಲ್ಲಿ ಹೆಚ್ಚುಕಡಿಮೆ ಪ್ರತಿವರ್ಷ ಹೊಸ ಆವೃತ್ತಿಯಾಗಿ ಈ ದಶಕದವರೆಗೂ ಬಂದಿದೆ. ಪರದೆಯ ಮೇಲಿನ ಚಿತ್ರಗಳು ತೀರ ಸಾಧಾರಣ. ಕೊಳ್ಳುವವರಿಗೆ ಬೇಕಾದದ್ದು ಚಿತ್ರವಲ್ಲ. ಕೌಂಟಿ ತಂಡಗಳ ಈ ವರ್ಷದ ನಿಖರವಾದ ಪಟ್ಟಿ, ಕಳೆದ ವರ್ಷಕ್ಕಿಂತ ತುಸು ಹದವಾದ ಲೆಕ್ಕಾಚಾರ. ಪಂಚಾಂಗದ ವ್ಯಾಪಾರದಂತೆ ಇದು. ಗ್ರಾಹಕರು ಕಡಿಮೆ, ಆದರೆ ವರ್ಷ ಬದಲಾದಾಗ ಅವರೇ ಮತ್ತೆ ಬರುತ್ತಾರೆ.

ನಮ್ಮ ದೇಶದ ಕಥೆ ಬೇರೆ ದಾರಿ ಹಿಡಿಯಿತು. ಇಲ್ಲಿ ಆಟ ತಯಾರಿಸುವ ಕೌಶಲಕ್ಕೆ ಕೊರತೆ ಇರಲಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್, ವಿದೇಶಿ ಸಂಸ್ಥೆಗಳ ಆಟಗಳಿಗೆ ಚಿತ್ರಗಳನ್ನು ರೂಪಿಸಿಕೊಟ್ಟು ಬೆಳೆಯಿತು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಉಡುಪಿಯ 99ಗೇಮ್ಸ್ 2014ರಲ್ಲಿ ಹೊರತಂದ ‘ಸ್ಟಾರ್ ಶೆಫ್’ ಎಂಬ ಹೋಟೆಲ್ ನಡೆಸುವ ಆಟ ಪರದೇಶಗಳಲ್ಲಿ ಹೆಸರು ಮಾಡಿತು. (ಹೋಟೆಲ್ ನಡೆಸುವ ಆಟ ಉಡುಪಿಯಿಂದ ಬಾರದೆ ಇನ್ನೆಲ್ಲಿಂದ ಬಂದೀತು?) ಕ್ರಿಕೆಟ್ ಆಟಗಳಲ್ಲಿ ಚೆನ್ನೈನ ನೆಕ್ಸ್ಟ್‌ವೇವ್‌ನ ‘ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್’, ನಾಟಿಲಸ್‌ನ ‘ರಿಯಲ್ ಕ್ರಿಕೆಟ್’ ಮುಂದೆ ಬಂದವು. 2016ರಲ್ಲಿ ಜಿಯೋ ಬಂದು ಅಂತರ್ಜಾಲ ಅಗ್ಗವಾದ ಮೇಲೆ ಇವುಗಳನ್ನು ಮೊಬೈಲಿಗೆ ಇಳಿಸಿಕೊಂಡವರ ಲೆಕ್ಕ ಕೋಟಿಗಳಲ್ಲಿದೆ. 2025ರಲ್ಲಿ ನಾಟಿಲಸ್‌ನ ನಿಯಂತ್ರಣದ ಪಾಲನ್ನು ದಕ್ಷಿಣ ಕೊರಿಯಾದ ಕ್ರಾಫ್ಟನ್ ಕೊಂಡಿತು. ಅಂದರೆ ಹಣವಂತರ ಕಣ್ಣಿಗೆ ಇಲ್ಲೊಂದು ಮಾರುಕಟ್ಟೆ ಕಾಣುತ್ತಿದೆ.

ಆದರೆ ಯಾವುದರ ಮಾರುಕಟ್ಟೆ? ಈ ಆಟಗಳು ಉಚಿತ. ಬೆಲೆ ಕೊಡದವನನ್ನು ಹೊರಗಿಡಲಾಗದಿದ್ದರೆ ಬೆಲೆಯನ್ನೇ ಸೊನ್ನೆ ಮಾಡಿ, ಆಡುವವನ ಕಣ್ಣುಗಳನ್ನು ಜಾಹೀರಾತುದಾರನಿಗೆ ಮಾರುವ ಉಪಾಯವಿದು. ಜೊತೆಗೆ ಆಟದೊಳಗೆ ಒಳ್ಳೆಯ ಬ್ಯಾಟು, ಬಲಿಷ್ಠ ಆಟಗಾರ ಬೇಕಾದವರಿಂದ ಅಷ್ಟಿಷ್ಟು ವಸೂಲಿ. ಉಪಾಯವೇನೋ ಜಾಣತನದ್ದೇ, ಆಕ್ಷೇಪಿಸುವಂಥದ್ದಲ್ಲ. ಆದರೆ ಅದು ಆಟದ ಸ್ವರೂಪವನ್ನೇ ಬದಲಿಸುತ್ತದೆ. ಜಾಹೀರಾತು ತೋರಿಸಲು ಆಟ ಮತ್ತೆ ಮತ್ತೆ ಮುಗಿಯಬೇಕು. ಎರಡು ಓವರುಗಳ ಪಂದ್ಯ ಅದಕ್ಕೆ ಹೇಳಿಮಾಡಿಸಿದ್ದು. ಮೆಟ್ರೊ ರೈಲಿನಲ್ಲಿ ನನ್ನ ಪಕ್ಕ ಕುಳಿತ ಯುವಕ ಇಂದಿರಾನಗರದಿಂದ ಎಂ.ಜಿ. ರಸ್ತೆ ತಲುಪುವಷ್ಟರಲ್ಲಿ ಒಂದು ವಿಶ್ವಕಪ್ ಗೆಲ್ಲಬಲ್ಲ. ನಾಲ್ಕು ದಿನಗಳ ರಣಜಿ ಪಂದ್ಯಕ್ಕೆ ಆ ವ್ಯವಸ್ಥೆಯಲ್ಲಿ ಜಾಗವೆಲ್ಲಿ?

ಇನ್ನು ಹೆಸರುಗಳ ತಕರಾರು. ತಂಡದ ಲಾಂಛನ, ಆಟಗಾರನ ಮುಖಚಿತ್ರ, ಟೂರ್ನಿಯ ಹೆಸರು ಇವಕ್ಕೆಲ್ಲ ಪರವಾನಗಿ ಬೇಕು. ಮಾರುವವನು ಒಬ್ಬನೇ ಆದಾಗ ಬೆಲೆ ಅವನು ಹೇಳಿದ್ದೇ. ಹಳೆಯ ಆಟಗಳಲ್ಲಿ ಭಾರತದ ಆಟಗಾರರಿಗೆ ತಿರುಚಿದ ಹೆಸರುಗಳಿದ್ದದ್ದು ಇದರಿಂದಲೇ. ಈ ವಿಷಯದಲ್ಲಿ ಸಣ್ಣ ತಯಾರಕರಿಗೆ ಸಮಾಧಾನದ ಸಂಗತಿಯೊಂದಿದೆ. ಆಟಗಾರರ ಡಿಜಿಟಲ್ ಕಾರ್ಡುಗಳಿಗೆ ಸಂಬಂಧಿಸಿದ ವ್ಯಾಜ್ಯದಲ್ಲಿ ದೆಹಲಿ ಹೈಕೋರ್ಟ್ 2023ರ ಏಪ್ರಿಲ್‌ನಲ್ಲಿ ಮಧ್ಯಂತರ ತಡೆಯಾಜ್ಞೆ ನೀಡಲು ನಿರಾಕರಿಸಿತು. ಸಾರ್ವಜನಿಕವಾಗಿ ಎಲ್ಲರಿಗೂ ಲಭ್ಯವಿರುವ ಹೆಸರು, ಅಂಕಿಅಂಶಗಳ ಬಳಕೆ ಆಟಗಾರನ ಹಕ್ಕಿನ ಉಲ್ಲಂಘನೆಯಾಗದು ಎಂಬುದು ಅದರ ನಿಲುವು. ಸ್ಕೋರ್‌ಕಾರ್ಡ್ ಯಾರ ಸ್ವತ್ತೂ ಅಲ್ಲ. ಅಂಕಿಗಳನ್ನೇ ನಂಬಿಕೊಂಡ ಸಿಮ್ಯುಲೇಷನ್‌ಗೆ ಇದು ಸಣ್ಣ ವಿಷಯವಲ್ಲ.

ನನಗೆ ಹೆಚ್ಚು ಆತಂಕ ತಂದದ್ದು ಬೇರೊಂದು. ಅಂಕಿಅಂಶಗಳನ್ನು ಬಲ್ಲ, ತಂಡ ಕಟ್ಟುವ ಹುಮ್ಮಸ್ಸಿನ, ಹಣ ಹೂಡಲೂ ಸಿದ್ಧನಾದ ಗ್ರಾಹಕ ಭಾರತದಲ್ಲಿ ಕೊನೆಗೂ ಸಿಕ್ಕಿದ. ಸಿಕ್ಕಿದ್ದು ಮಾತ್ರ ಫ್ಯಾಂಟಸಿ ಕ್ರಿಕೆಟ್‌ನ ಅಂಗಳದಲ್ಲಿ. 2008ರಲ್ಲಿ ಹುಟ್ಟಿದ ಡ್ರೀಮ್11, 2020ರಲ್ಲಿ 222 ಕೋಟಿ ರೂಪಾಯಿ ತೆತ್ತು ಐಪಿಎಲ್‌ಗೇ ತನ್ನ ಹೆಸರಿಟ್ಟಿತು. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಕಚೇರಿಯ ಮೊಗಸಾಲೆಯಲ್ಲಿ ಜನ ತಂಡ ಕಟ್ಟಿದರು, ಅರವತ್ತು ರೂಪಾಯಿಯ ಸಿ.ಡಿ.ಗೆ ಚೌಕಾಸಿ ಮಾಡಿದವರೂ ಇಲ್ಲಿ ಹಣ ಕಟ್ಟಿದರು. 2021ರಲ್ಲಿ ಕರ್ನಾಟಕ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆಯೇ ಬಂದು, ಡ್ರೀಮ್11 ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಆ ಕಾಯ್ದೆ ಹಣದ ಆಟಗಳನ್ನು ಇ-ಕ್ರೀಡೆಯಿಂದಲೂ ಮನರಂಜನೆಯ ಆಟಗಳಿಂದಲೂ ಬೇರ್ಪಡಿಸುತ್ತದೆ. ಕಾನೂನಿನ ಸರಿತಪ್ಪುಗಳ ಚರ್ಚೆ ಇಲ್ಲಿ ಬೇಡ. ಅದು ನನಗೆ ತೋರಿಸಿಕೊಟ್ಟದ್ದು ಇಷ್ಟು: ನಮ್ಮ ಜನ ಹಣ ಬಿಚ್ಚಿದ್ದು ಆಟಕ್ಕಲ್ಲ, ಹಣ ಮರಳಿ ಬಂದೀತೆಂಬ ಆಸೆಗೆ. ಆಸೆಯನ್ನು ತೆಗೆದ ಮೇಲೂ ಆಟಕ್ಕೆ ಹಣ ಕೊಡುವವರು ಎಷ್ಟು ಮಂದಿ ಎಂಬುದೇ ಸೋದರಳಿಯನ ಪ್ರಶ್ನೆಯ ತಿರುಳು.

ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಐದು ಜನ, ಎರಡು ವರ್ಷ, ತಿಂಗಳಿಗೆ ತಲಾ 60 ಸಾವಿರ: ಒಟ್ಟು 72 ಲಕ್ಷ ರೂಪಾಯಿ. ಈಗ ಅವರು ಪಡೆಯುತ್ತಿರುವ ಸಂಬಳಕ್ಕೆ ಹೋಲಿಸಿದರೆ ಅದು ಉಪವಾಸವೇ. ಆಟದ ಬೆಲೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರೊಳಗಿನ ಶೇ 18 ಜಿಎಸ್‌ಟಿ ಕಳೆದರೆ 254. ಅಂತರ್ಜಾಲ ಮಳಿಗೆ ಶೇ 30 ಇಟ್ಟುಕೊಂಡರೆ ತಯಾರಕನ ಕೈಗೆ ಬರುವುದು 178. ಹಾಕಿದ ಅಸಲು ಹುಟ್ಟಬೇಕಾದರೆ ಸುಮಾರು 40 ಸಾವಿರ ಪ್ರತಿಗಳು ಖರ್ಚಾಗಬೇಕು. ‘ಚಿನ್ನಸ್ವಾಮಿ ಸ್ಟೇಡಿಯಂ ಒಂದು ಸಲ ತುಂಬಿದರೆ ಸಾಕಲ್ಲ ಮಾವ!’ ಎಂದ ಹುಡುಗ. ಸ್ಟೇಡಿಯಂ ತುಂಬುವುದು ಐಪಿಎಲ್‌ಗೆ. ರಣಜಿ ಪಂದ್ಯಕ್ಕೆ ಅಲ್ಲಿ ಎಷ್ಟು ಜನ ಇರುತ್ತಾರೆಂದು ನೋಡಿದ್ದೀಯಾ ಎಂದು ಕೇಳಿದೆ. ಅವನು ಸುಮ್ಮನಾದ.

ಆದರೂ ‘ಮಾರುಕಟ್ಟೆ ಇಲ್ಲ’ ಎಂದು ಹೇಳಲು ನನಗೆ ಸಾಧ್ಯವಾಗಲಿಲ್ಲ. ಐದು ಜನ ಸಂಬಳ ಪಡೆಯುವ ಕಂಪನಿಗೆ ಇಲ್ಲಿ ಮಾರುಕಟ್ಟೆ ಇಲ್ಲ, ಹೂಡಿಕೆದಾರನಿಗಂತೂ ಇಲ್ಲವೇ ಇಲ್ಲ. ಹೂಡಿಕೆದಾರ ಬಂದರೆ ಆರನೆಯ ತಿಂಗಳಲ್ಲಿ ಪಂದ್ಯವನ್ನು ಎರಡು ಓವರಿಗೆ ಇಳಿಸು ಎನ್ನುತ್ತಾನೆ, ಹನ್ನೆರಡನೆಯ ತಿಂಗಳಲ್ಲಿ ಜಾಹೀರಾತು ತುರುಕು ಎನ್ನುತ್ತಾನೆ. ಆದರೆ ಒಬ್ಬನೋ ಇಬ್ಬರೋ ತಮ್ಮ ಬಿಡುವಿನ ವೇಳೆಯಲ್ಲಿ ತಯಾರಿಸಿ, ಪ್ರತಿ ರಣಜಿ ಋತುವಿನ ಹೊತ್ತಿಗೆ ಹೊಸ ಪಟ್ಟಿಯೊಂದಿಗೆ ಹೊರತಂದರೆ, ನಾಲ್ಕೈದು ಸಾವಿರ ಜನ ಖಂಡಿತ ಕೊಳ್ಳಬಹುದು ಎಂಬುದು ನನ್ನ ಅಂದಾಜು. ಅಂದಾಜು ಮಾತ್ರ, ಇದರ ಹಿಂದೆ ಯಾವ ಸಮೀಕ್ಷೆಯೂ ಇಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲೋ ಮೆಲ್ಬರ್ನ್‌ನಲ್ಲೋ ಇರುವ ಕನ್ನಡಿಗ ವೈದ್ಯ, ದಾವಣಗೆರೆಯ ನಿವೃತ್ತ ಅಧ್ಯಾಪಕ, ಅಂಕಿಅಂಶಗಳ ಹುಚ್ಚಿನ ಹತ್ತನೆಯ ತರಗತಿಯ ಬಾಲಕ — ಇಂಥವರು ಚದುರಿಹೋಗಿರುತ್ತಾರೆ. ಅವರನ್ನು ಅಂಗಡಿ ಇಟ್ಟು ತಲುಪುವುದು ಹಿಂದೆ ಅಸಾಧ್ಯವಾಗಿತ್ತು, ಅಂತರ್ಜಾಲ ಮಳಿಗೆಯಿಂದಾಗಿ ಈಗ ಸಾಧ್ಯ. ನಕಲಿನ ಹಾವಳಿಯೂ ಮೊದಲಿನಷ್ಟಿಲ್ಲ. ಯುಪಿಐ ಬಂದ ಮೇಲೆ ಮುನ್ನೂರು ರೂಪಾಯಿ ಕೊಡುವುದು ನಕಲು ಹುಡುಕುವುದಕ್ಕಿಂತ ಸುಲಭವಾಗಿದೆ. ‘ಕೆಲಸ ಬಿಡಬೇಡ, ಆಟವನ್ನೂ ಬಿಡಬೇಡ’ ಎಂದೆ. ಇದು ಅಧಿಕಾರಿಗಳ ಜಾರುವ ಉತ್ತರದಂತೆ ಅವನಿಗೆ ಕೇಳಿಸಿರಬೇಕು, ಮುಖದಲ್ಲಿ ಕಾಣಿಸಿತು.

ಹೊರಡುವ ಮುನ್ನ ತಾನು ಈವರೆಗೆ ತಯಾರಿಸಿದ್ದನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟ. ಅದರಲ್ಲಿ ಸದ್ಯಕ್ಕಿರುವುದು ಒಂದೇ ಪಂದ್ಯ, 1974ರ ರಣಜಿ ಸೆಮಿಫೈನಲ್. ಮೈಸೂರು ರಾಜ್ಯ ಕರ್ನಾಟಕವಾದ ಮೊದಲ ಋತು ಅದು. ಸತತ ಹದಿನೈದು ವರ್ಷ ಟ್ರೋಫಿಯನ್ನು ತನ್ನಲ್ಲೇ ಇಟ್ಟುಕೊಂಡಿದ್ದ ಮುಂಬಯಿಯನ್ನು ಪ್ರಸನ್ನ ನಾಯಕತ್ವದ ನಮ್ಮ ತಂಡ ಬೆಂಗಳೂರಿನಲ್ಲಿ ಮಣಿಸಿತು. ಹದಿನಾರು ವರ್ಷದ ನಾನು ಆ ದಿನಗಳಲ್ಲಿ ಪಕ್ಕದ ಮನೆಯ ರೇಡಿಯೊಗೆ ಕಿವಿ ಅಂಟಿಸಿಕೊಂಡು ಕುಳಿತಿದ್ದೆ. ಅಜಿತ್ ವಾಡೇಕರ್ ಕಾಲು ಜಾರಿ ರನೌಟ್ ಆಗದಿದ್ದರೆ ಏನಾಗುತ್ತಿತ್ತು ಎಂಬುದು ಐವತ್ತು ವರ್ಷಗಳಿಂದ ನಮ್ಮ ಗೆಳೆಯರ ಬಳಗದಲ್ಲಿ ಮುಗಿಯದ ವಾದ. ಹುಡುಗನ ಆಟದಲ್ಲಿ ವಾಡೇಕರ್ ಜಾರುವುದು ಖಚಿತವಿಲ್ಲ. ಮೂರು ಬಾರಿ ಆಡಿದೆ. ಎರಡು ಬಾರಿ ಮುಂಬಯಿ ಮುನ್ನಡೆ ಪಡೆಯಿತು.

ನಾಲ್ಕನೆಯ ಬಾರಿ ಆಡುತ್ತಿದ್ದಾಗ ತಂಗಿಯ ಫೋನ್ ಬಂತು. ‘ಬುದ್ಧಿ ಹೇಳಿದೆಯಾ ಅಣ್ಣಾ?’ ಎಂದಳು. ವಾಡೇಕರ್ ಇನ್ನೂ ಕ್ರೀಸಿನಲ್ಲಿದ್ದರು. ಚಂದ್ರಶೇಖರ್ ಕೈಗೆ ಆಗಷ್ಟೇ ಚೆಂಡು ಕೊಟ್ಟಿದ್ದೆ. ಸ್ವಲ್ಪ ಹೊತ್ತಿನಲ್ಲಿ ನಾನೇ ಫೋನ್ ಮಾಡುತ್ತೇನೆ ಎಂದೆ.